ಭೋರಿನ ಮಳೆ ಮತ್ತು ಆರು ಜೊತೆ ಕಾಲುಚೀಲ

ಜೂನ್ ತಿಂಗಳು ಅರ್ಧ ಕಳೆಯಿತೆಂದರೆ ಪುಣೆಯ ನಮ್ಮ ಕನ್ನಡದ ಹುಡುಗ ಹುಡುಗಿಯರು ಶನಿವಾರ, ಭಾನುವಾರ ಮನೆಯಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಕೋಟೆ, ಯಾವುದಾದರೂ ಘಾಟು. ಸೋಮವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಒದ್ದೆ ಬೂಟುಗಳ ಸಾಲು, ಅವುಗಳ ವಾಸನೆ ಅಡಿಗೆಮನೆಯವರೆಗೆ. ಇಷ್ಟು ವರ್ಷ ಆ ವಾಸನೆ ಮಾತ್ರ ನನ್ನ ಪಾಲಿಗಿತ್ತು. ಕಳೆದ ಜುಲೈಯಲ್ಲಿ ಮಗಳು, "ಅಮ್ಮಾ, ಈ ಸಲ ನೀನೂ ಅಪ್ಪನೂ ಬರಲೇಬೇಕು" ಎಂದು ಹಟ ಹಿಡಿದು ನಮ್ಮಿಬ್ಬರನ್ನೂ ಭೋರಿಗೆ ಹೊರಡಿಸಿದಳು.

ಬೆಂಗಳೂರು ರಸ್ತೆಯಲ್ಲಿ ಹೋಗಿ ಕಾಪುರಹೋಳದಲ್ಲಿ ಬಲಕ್ಕೆ ತಿರುಗಿದರೆ ಭೋರ್. ಪುಣೆಯಿಂದ ಸುಮಾರು 50 ಕಿಲೋಮೀಟರ್. 1948ರವರೆಗೆ ಅದೊಂದು ಪುಟ್ಟ ಸಂಸ್ಥಾನ, ಪಂತ ಸಚಿವರದು. ಅವರ ರಾಜವಾಡೆ ಊರ ನಡುವೆ ಇನ್ನೂ ಇದೆ. ಊರಿನಾಚೆ ಬಾಜಾರವಾಡಿ ಎಂಬ ಹಳ್ಳಿ, ಅದರ ನೆತ್ತಿಯ ಮೇಲೆ ರೋಹಿಡಾ ಕೋಟೆ. ಭತ್ತದ ನಾಟಿ ನಡೆದಿತ್ತು. ಬಗ್ಗಿ ನಾಟಿ ಮಾಡುತ್ತಿದ್ದ ಹೆಂಗಸರ ಬೆನ್ನ ಮೇಲೆ 'ಇರಲೆ' ನೋಡಿ ನನಗೆ ನಮ್ಮ ತೀರ್ಥಹಳ್ಳಿಯೇ ಎದುರಿಗೆ ಬಂದಂತಾಯಿತು. ನಮ್ಮಲ್ಲಿ ಅದಕ್ಕೆ ಗೊರಬು ಎನ್ನುತ್ತೇವೆ. ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಒಂದು ವಿಷಯ ನೀವೂ ಗಮನಿಸಿ: ಇರಲೆಯಾಗಲಿ ಗೊರಬಾಗಲಿ ತಲೆ, ಬೆನ್ನು ಕಾಯುತ್ತದೆ. ಕಾಲನ್ನು ಒಣಗಿಸಿಟ್ಟುಕೊಳ್ಳುವ ಗೋಜಿಗೇ ನಮ್ಮ ಹಿರಿಯರು ಹೋಗಲಿಲ್ಲ.

ನನ್ನ ಮಗಳು ಹೋದಳು. ಅವಳದು 'ವಾಟರ್‌ಪ್ರೂಫ್' ಬೂಟು, ಬೆಲೆ ಕೇಳಿ ನಾನು ಎರಡು ದಿನ ಮಾತಾಡಿರಲಿಲ್ಲ. ಅಂಥ ಬೂಟಿನೊಳಗೆ ಒಂದು ತೆಳು ಪೊರೆ ಇರುತ್ತದಂತೆ. ಅದರ ರಂಧ್ರಗಳಲ್ಲಿ ನೀರಿನ ಹನಿ ತೂರಲಾರದು, ಬೆವರಿನ ಆವಿ ಹೊರಗೆ ಹೋಗಬಲ್ಲದು. ನಿಜವೇ ಇರಬೇಕು, ಆದರೆ ಹೊರಗಿನ ಗಾಳಿ ಒಣಗಿದ್ದರೆ ತಾನೇ ಆವಿ ಹೊರಗೆ ಹೋಗುವುದು? ಜುಲೈಯಲ್ಲಿ ಭೋರಿನ ಗಾಳಿಯೇ ನೀರು. ಅದೂ ಅಲ್ಲದೆ ನೀರು ಬಂದದ್ದು ಬೂಟಿನ ಗೋಡೆಯಿಂದಲ್ಲ, ಬಾಯಿಂದ. ಜೀನ್ಸ್ ಪ್ಯಾಂಟು ಮೊಣಕಾಲಿನವರೆಗೆ ನೆನೆದು, ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ನೇರ ಕಾಲುಚೀಲಕ್ಕೆ ಇಳಿಸಿತು. ಒಳಗೆ ಬಂದ ನೀರನ್ನೂ ಆ ಪೊರೆ ಹೊರಗೆ ಬಿಡಲಿಲ್ಲ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅವಳ ಪ್ರತಿ ಹೆಜ್ಜೆಗೂ ಪಚಕ್ ಪಚಕ್ ಸದ್ದು. ದಾರಿ ತೋರಿಸಲು ಬಂದಿದ್ದ ಹಳ್ಳಿಯ ಹುಡುಗನದು ಅಗ್ಗದ ಕ್ಯಾನ್ವಾಸ್ ಬೂಟು. ಅವನೂ ತೋಯ್ದಿದ್ದ, ಆದರೆ ಬಂದ ನೀರು ಬಂದ ದಾರಿಯಲ್ಲೇ ಹೋಗುತ್ತಿತ್ತು. ಹೊಳೆ ದಾಟುವಂಥ ಮಳೆಗಾಲದ ನಡಿಗೆಗೆ ನೀರು ಬಸಿದು ಹೋಗುವ ಬೂಟೇ ಮೇಲು ಎಂದು ನನಗೆ ಅನಿಸಿದ್ದು ಆಗಲೇ.

ಕೋಟೆಯ ಮೂರನೇ ಬಾಗಿಲಲ್ಲಿ ಉಸಿರು ಬಿಡಲು ನಿಂತೆವು. ಅಲ್ಲಿ ಆನೆಯ ತಲೆಗಳ ಕೆತ್ತನೆ, ಜೊತೆಗೆ ಪಾರಸಿ, ಮರಾಠಿ ಶಾಸನ. ವಿಜಾಪುರದ ಮಹಮ್ಮದ್ ಆದಿಲ್‌ಶಹ 1656ರ ಮೇ ತಿಂಗಳಲ್ಲಿ ಕೋಟೆ ದುರಸ್ತಿ ಮಾಡಿಸಿದ ಎನ್ನುವುದು ಅದರ ಸಾರಾಂಶ. ಗೋಳಗುಮ್ಮಟದಲ್ಲಿ ಮಲಗಿರುವವನು ಅವನೇ. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಸಿದನಲ್ಲ, ಜಾಣ! ಆಮೇಲೆ ಶಿವಾಜಿಯ ಕಡೆ ಸೇರಿದ ಬಾಂದಲರ ಪಡೆ ಇದೇ ಸೀಮೆಯದು. 1660ರ ಜುಲೈಯಲ್ಲಿ ಪನ್ಹಾಳದಿಂದ ವಿಶಾಲಗಡದ ಕಡೆಗೆ ರಾತ್ರಿಯಿಡೀ ಮಳೆಯಲ್ಲಿ ಓಡಿದವರು, ಬಾಜಿಪ್ರಭುವಿನ ಜೊತೆ ಕಣಿವೆಯಲ್ಲಿ ನಿಂತು ಸತ್ತವರು ಅವರು. ನಿಮ್ಮಲ್ಲಿ ಕೆಲವರು ಆ ದಾರಿ ನಡೆದು ಬಂದಿದ್ದೀರಿ. ನಿಮ್ಮ ಕಾಲಿಗೆ ಏನಾಯಿತೆಂದು ಒಮ್ಮೆ ನಮ್ಮ ಪತ್ರಿಕೆಗೆ ಬರೆಯಿರಿ.

ನಾನು ಹೇಳಬೇಕೆಂದದ್ದು ಇಳಿದು ಬಂದ ಮೇಲಿನದು. ಬಾಜಾರವಾಡಿಯಲ್ಲಿ ಒಬ್ಬ ರೈತರ ಮನೆಯಲ್ಲಿ ರಾತ್ರಿ ತಂಗುವ ಏರ್ಪಾಡಾಗಿತ್ತು. ಜಗುಲಿಯಲ್ಲಿ ಕುಳಿತು ನಮ್ಮ ಮನೆಯವರ ಬೂಟು ಎಳೆದೆ. ಬಲಗಾಲಿನ ಕಾಲುಚೀಲದ ಹಿಮ್ಮಡಿ ಕೆಂಪಗಿತ್ತು. ನೆನೆದು ಮೆತ್ತಗಾದ ಚರ್ಮ ಉಜ್ಜಿ, ಬೊಬ್ಬೆ ಎದ್ದು, ಒಡೆದು, ರೂಪಾಯಿ ನಾಣ್ಯದಷ್ಟು ಸುಲಿದು ಹೋಗಿತ್ತು.

"ರೀ, ನೋವಾಗಲಿಲ್ಲವೇ?" ಎಂದೆ.

"ಏನಾಗಿದೆ?" ಎಂದರು.

ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ನರಗಳು ಮಂದವಾಗಬಹುದೆಂದು ಡಾಕ್ಟರು ಹೇಳಿದ್ದು ನಮಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಆ ಕೆಂಪು ಕಾಲುಚೀಲ ಕೈಯಲ್ಲಿ ಹಿಡಿದಿರುವುದು ಬೇರೆ. ಮಗಳು ಒಂದು ಮಾತೂ ಆಡದೆ ಒಳಗೆ ಹೋಗಿ ನೀರು ಕಾಯಿಸಲು ಇಟ್ಟಳು. ಕಾಯಿಸಿ ಆರಿಸಿದ ಆ ನೀರಿನಲ್ಲಿ ತೊಳೆದು, ಒರೆಸಿ, ಶುದ್ಧ ಬಟ್ಟೆ ಕಟ್ಟಿದೆವು. ಮನೆಯ ಮಾವಶಿ ಬೆರಳ ಸಂದಿಯನ್ನೂ ಒಂದೊಂದಾಗಿ ಒಣಗಿಸಲು ಹೇಳಿದಳು. ನಾಟಿಯ ದಿನಗಳಲ್ಲಿ ಅವರ ಮನೆಯಲ್ಲಿ ಮಲಗುವ ಮೊದಲು ಎಲ್ಲರೂ ಕಾಲು ಒರೆಸಿ ಎಣ್ಣೆ ಹಚ್ಚಿಕೊಳ್ಳುತ್ತಾರಂತೆ. ನಮ್ಮಜ್ಜಿ ಆಷಾಢದಲ್ಲಿ ಬೆರಳ ಸಂದಿಗೆಲ್ಲ ಮದರಂಗಿ ಹಚ್ಚುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ನಾನು ಅದನ್ನು ಶೃಂಗಾರ ಎಂದುಕೊಂಡಿದ್ದೆ.

ಬಿ.ಎ.ಯಲ್ಲಿ ನಮಗೆ ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿಗಳ ಪಾಠವಿತ್ತು. 1914-15ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳ ಕೆಸರಲ್ಲಿ ದಿನಗಟ್ಟಲೆ ನಿಂತು ಸಾವಿರಾರು ಸೈನಿಕರ ಪಾದಗಳು ಕೊಳೆತವೆಂದು ನಮ್ಮ ಮೇಷ್ಟ್ರು ವಿವರಿಸಿದ್ದರು. ಭೋರಿನಲ್ಲಿ ಆ ಚಳಿ ಇಲ್ಲ, ಬಿಡಿ. ಆದರೆ ಆ ಸೈನ್ಯ ಕಂಡುಕೊಂಡ ಉಪಾಯ ಹೊಸ ಬೂಟಲ್ಲ. ದಿನಾ ಒಣ ಕಾಲುಚೀಲ ಹಾಕಬೇಕು, ಪಾದಕ್ಕೆ ಎಣ್ಣೆ ಉಜ್ಜಬೇಕು, ಒಬ್ಬರ ಪಾದವನ್ನು ಇನ್ನೊಬ್ಬರು ನೋಡಬೇಕು ಎಂಬ ಕಟ್ಟಳೆ.

ಬೂಟುಗಳ ಕತೆಯನ್ನೂ ಹೇಳಿಬಿಡುತ್ತೇನೆ. ಒಳಗಿನ ಹಾಸನ್ನು ಕಿತ್ತು ಬೇರೆ ಇಟ್ಟು, ಹಳೇ ಪೇಪರನ್ನು ಉಂಡೆ ಮಾಡಿ ಮುಂಗಾಲಿನ ತುದಿಯವರೆಗೆ ತುರುಕಿದೆ. ಗಂಟೆಯೊಳಗೆ ಪೇಪರು ಹಿಂಡುವಷ್ಟು ಒದ್ದೆ. ಬದಲಾಯಿಸಿದೆ, ಮಲಗುವಾಗ ಮತ್ತೊಮ್ಮೆ. ಬೆಳಿಗ್ಗೆ ಪೂರ್ತಿ ಒಣಗಿರಲಿಲ್ಲ, ಹಾಕಿಕೊಳ್ಳುವಂತಿತ್ತು. ಮಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಬೂಟನ್ನು ಒಲೆಯ ಬಾಯಿಗೆ ಇಟ್ಟಳು. ಅಂಟು ಕರಗಿ ಅಟ್ಟೆ ಬಾಯಿ ಬಿಟ್ಟಿತು! ಹಗ್ಗ ಸುತ್ತಿಕೊಂಡು ಪುಣೆಗೆ ಬಂದಳು. ಹತ್ತಿಯ ಕಾಲುಚೀಲ ಬೆಳಿಗ್ಗೆಯೂ ಹಾಗೇ ತೊಟ್ಟಿಕ್ಕುತ್ತಿತ್ತು. ಉಣ್ಣೆಯದು ಒದ್ದೆಯಾದರೂ ಕಾಲಿಗೆ ತಣ್ಣಗೆ ಹತ್ತುವುದಿಲ್ಲ, ಹತ್ತಿಯಷ್ಟು ಅಂಟಿಕೊಳ್ಳುವುದೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದ ಒಂದು ಜೊತೆಯನ್ನು ರಾತ್ರಿಗೆಂದೇ ಇಟ್ಟುಕೊಳ್ಳಿ, ಹಗಲು ಏನೇ ಆದರೂ ಅದನ್ನು ತೆಗೆಯಬೇಡಿ.

ಹಾಗಾದರೆ ಬರಿಗಾಲೇ ವಾಸಿ ಎನ್ನಬೇಡಿ. ಗದ್ದೆಯ ನೀರಿನಲ್ಲಿ ಇಲಿಗಳ ಮೂತ್ರ ಸೇರಿರುತ್ತದೆ. ಸುಲಿದ ಕಾಲಿನಿಂದ ಇಲಿ ಜ್ವರ ಒಳಗೆ ಹೋಗಬಹುದು. ಟ್ರೆಕ್ಕಿಂಗ್ ಮುಗಿದ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಗದ್ದೆಯಲ್ಲಿ ನಡೆದದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಮರುದಿನದ ರಾಯರೇಶ್ವರ ಕೈಬಿಟ್ಟು ಹಿಂದಿರುಗಿದೆವು. ನಮ್ಮ ಬೂಟಿನಿಂದ ಸುರಿದ ನೀರು ನೀರಾ ನದಿಗೆ, ಅಲ್ಲಿಂದ ನರಸಿಂಗಪುರದ ಹತ್ತಿರ ಭೀಮೆಗೆ ಸೇರಿ ಕರ್ನಾಟಕಕ್ಕೆ ಹೋಗುತ್ತದೆಂದು ಮನೆಯವರು ಕಾರಿನಲ್ಲಿ ಪಾಠ ಹೇಳಿದರು. ಹಿಮ್ಮಡಿಯ ಗಾಯ ವಾಸಿಯಾಗಲು ಐದು ವಾರ ಹಿಡಿಯಿತು. ಡಾಕ್ಟರು, "ಇನ್ನೆರಡು ದಿನ ತಡವಾಗಿದ್ದರೆ" ಎಂದು ಶುರು ಮಾಡಿದ ವಾಕ್ಯವನ್ನು ಮುಗಿಸಲಿಲ್ಲ.

ಈ ಜುಲೈಗೆ ರಾಯರೇಶ್ವರ ಎಂದು ಅಪ್ಪ, ಮಗಳು ಮಾತಾಡಿಕೊಂಡಿದ್ದಾರೆ. ಡಾಕ್ಟರನ್ನು ಕೇಳಿಯೇ ಹೊರಡಬೇಕೆಂದು ನಾನು ಹೇಳಿದ್ದೇನೆ. ಗಂಟೆಗೊಮ್ಮೆ ನಿಲ್ಲಿಸಿ ಅಪ್ಪನ ಪಾದ ನೋಡುವ ಕೆಲಸ ತನ್ನದೆಂದು ಮಗಳು ಒಪ್ಪಿಕೊಂಡಿದ್ದಾಳೆ. ಕಪಾಟಿನಲ್ಲಿ ಕಾಲುಚೀಲ ಎಣಿಸಿ ಇಟ್ಟಿದ್ದಾಳೆ, ಆರು ಜೊತೆ. ಹಳೇ ಪೇಪರು ರದ್ದಿಯವನಿಗೆ ಕೊಡಬೇಡವೆಂದು ನನಗೆ ತಾಕೀತಾಗಿದೆ.