ಕುದುರೆಲಾಳದ ಕಮರಿಯ ಅಂಚಿನಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ ಯೂಟಾ ಎಂಬ ಸಂಸ್ಥಾನವುಂಟು. ಅದರ ಆಗ್ನೇಯ ಮೂಲೆಯ ಭೂಪಟವನ್ನು ಬಿಡಿಸಿ ನೋಡಿದರೆ ಊರುಗಳ ಹೆಸರಿಗಿಂತ ಕಮರಿಗಳ ಹೆಸರೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಗ್ರೀನ್ ರಿವರ್ ಕಡೆಯಿಂದ ಹ್ಯಾಂಕ್ಸ್‌ವಿಲ್ ಎಂಬ ಸಣ್ಣ ಊರಿನತ್ತ 24ನೆಯ ನಂಬರಿನ ಹೆದ್ದಾರಿ ಸಾಗುತ್ತದೆ. ನಡುದಾರಿಯಲ್ಲಿ, ಪೂರ್ವದ ಕಡೆಗೆ, ಒಂದು ಮಣ್ಣುದಾರಿ ಕವಲೊಡೆಯುತ್ತದೆ. ಅಲ್ಲಿಂದ ಮೂವತ್ತು ಮೈಲಿ ಕ್ರಮಿಸಿದರೆ ದಾರಿ ಬಂಡೆಯ ಅಂಚಿನಲ್ಲಿ ನಿಂತುಬಿಡುತ್ತದೆ. ಮುಂದಿರುವುದು ಪಾತಾಳ. ಅದಕ್ಕೆ ಹಾರ್ಸ್‌ಶೂ ಕ್ಯಾನಿಯನ್, ಅಂದರೆ ಕುದುರೆಲಾಳದ ಕಮರಿ, ಎಂದು ಹೆಸರು.

ಈ ಅಂಚಿನಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ದೀಪವಿಲ್ಲ, ಕುಡಿಯಲು ಒಂದು ತೊಟ್ಟು ನೀರೂ ಇಲ್ಲ. ಇರುವುದು ಒಂದು ಸೂಚನಾ ಫಲಕ, ಒಂದು ಶೌಚಗೃಹ, ಕಮರಿಗೆ ಇಳಿಯುವ ಕಾಲ್ದಾರಿಯ ಮೊದಲು, ಇಷ್ಟೆ. ಆದರೂ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಇಲ್ಲಿ ಬಿಡಾರ ಹೂಡುವವರಿಗೆ ಕೊರತೆಯಿಲ್ಲ. ಮೋಟಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಎಳೆದು ತರುವವರೂ ಅವರಲ್ಲಿ ಉಂಟು. ಆ ಚಕ್ರದ ಮನೆಗೆ ಟ್ರೇಲರ್ ಎನ್ನುತ್ತಾರೆ. ಅದರೊಳಗೆ ಎರಡು ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ, ಮಡಚುವ ಮೇಜು ಎಲ್ಲವೂ ಅಡಕವಾಗಿರುತ್ತವೆ. ಗೃಹಿಣಿಯೊಬ್ಬಳು ಇದನ್ನು ನೋಡಿದರೆ, ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ಸಾಮಾನನ್ನು ಅಣಿಮಾಡಿದ ಜಾಣತನಕ್ಕೆ ತಲೆದೂಗದೆ ಇರಲಾರಳು.

ಬಾಡಿಗೆಯಿಲ್ಲದ ಬಯಲು

ರಾತ್ರಿ ತಂಗಲು ಇಲ್ಲಿ ಯಾರೂ ಹಣ ಕೇಳುವುದಿಲ್ಲ. ಇದಕ್ಕೆ ಕಾರಣವುಂಟು. ಕಮರಿಯ ಒಳಭಾಗ 1971ರಿಂದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಅಲ್ಲಿ ಯಾರೂ ರಾತ್ರಿ ತಂಗುವಂತಿಲ್ಲ. ಸಾಕುನಾಯಿಯನ್ನು ಕೂಡ ಕೆಳಗೆ ಕರೆದೊಯ್ಯುವಂತಿಲ್ಲ. ಆದರೆ ಪಶ್ಚಿಮದ ಅಂಚು ಉದ್ಯಾನದ ಹೊರಗಿದೆ. ಅದು ಒಕ್ಕೂಟ ಸರ್ಕಾರದ ಭೂನಿರ್ವಹಣಾ ಇಲಾಖೆಯ ವಶದಲ್ಲಿರುವ ಸಾರ್ವಜನಿಕ ಭೂಮಿ. 1946ರಲ್ಲಿ ಸ್ಥಾಪಿತವಾದ ಈ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಆ ದೇಶದ ಪ್ರತಿ ಹತ್ತು ಎಕರೆಯಲ್ಲಿ ಒಂದು ಎಕರೆ ಎಂದು ಲೆಕ್ಕ ಹಾಕಬಹುದು. ವಸಾಹತುಗಾರರಿಗೆ ಹಂಚಿಯೂ, ಮಾರಿಯೂ, ಅರಣ್ಯ ಹಾಗೂ ಉದ್ಯಾನಗಳಿಗೆ ಬಿಟ್ಟುಕೊಟ್ಟೂ ಉಳಿದ ಒಣನೆಲ ಇದರಲ್ಲಿ ಬಹುಪಾಲು. ಈ ನೆಲವನ್ನು ಇನ್ನು ಮುಂದೆ ಸಾಮಾನ್ಯವಾಗಿ ಪರಭಾರೆ ಮಾಡದೆ ಸಾರ್ವಜನಿಕರಿಗಾಗಿಯೇ ಉಳಿಸಿಕೊಳ್ಳಬೇಕೆಂದು 1976ರ ಶಾಸನವೊಂದು ವಿಧಿಸಿತು.

ಇಂಥ ನೆಲದಲ್ಲಿ ಬೇರೆ ನಿರ್ಬಂಧವಿಲ್ಲದ ಕಡೆ ಯಾರು ಬೇಕಾದರೂ ಸಾಮಾನ್ಯವಾಗಿ ಹದಿನಾಲ್ಕು ದಿನಗಳವರೆಗೆ ಬಿಡಾರ ಹೂಡಬಹುದು. ಶ್ರೀಮಂತನ ದೊಡ್ಡ ಟ್ರೇಲರಿಗೂ ವಿದ್ಯಾರ್ಥಿಯ ಹರಕು ಡೇರೆಗೂ ಒಂದೇ ನಿಯಮ. ಬಾಡಿಗೆಯಿಲ್ಲವೆಂದ ಮೇಲೆ ಸೇವೆಯೂ ಇಲ್ಲ. ಕಸ ಒಯ್ಯುವವರಿಲ್ಲ, ನೀರು ತುಂಬುವವರಿಲ್ಲ, ಗಾಲಿ ಮರಳಿನಲ್ಲಿ ಹೂತರೆ ಎಳೆಯುವವರೂ ಇಲ್ಲ. ತಂದದ್ದನ್ನೇ ಉಣ್ಣಬೇಕು, ಉಳಿದದ್ದನ್ನು ಹೊತ್ತುಕೊಂಡೇ ಹೋಗಬೇಕು.

ಮೂವತ್ತು ಮೈಲಿಯ ಪರೀಕ್ಷೆ

ಆದಕಾರಣ ಪ್ರವಾಸದ ಮುಖ್ಯ ನಿರ್ಧಾರ ಹೆದ್ದಾರಿಯನ್ನು ಬಿಡುವ ಮೊದಲೇ ಆಗಬೇಕು. ಪೆಟ್ರೋಲು ಗ್ರೀನ್ ರಿವರ್ ಅಥವಾ ಹ್ಯಾಂಕ್ಸ್‌ವಿಲ್‌ನಲ್ಲಿ ಭರ್ತಿಯಾಗಿರಬೇಕು. ನೀರು ಒಬ್ಬೊಬ್ಬರಿಗೆ ದಿನವೊಂದಕ್ಕೆ ನಾಲ್ಕು ಲೀಟರಿನಂತೆ ಕುಡಿಯುವುದಕ್ಕೇ ಬೇಕು. ಅಡಿಗೆಗೂ ಪಾತ್ರೆಗೂ ಬೇರೆ. ನಾಲ್ವರ ಸಂಸಾರ ಎರಡು ರಾತ್ರಿ ಕಳೆದು ಮೂರನೆಯ ದಿನ ಹಿಂದಿರುಗುವುದಾದರೆ ಕುಡಿಯುವ ನೀರೇ ನಲವತ್ತೆಂಟು ಲೀಟರಾಯಿತು. ಇದರ ಮೇಲೆ ಒಂದು ದಿನದ ನೀರು ಹೆಚ್ಚಿಗೆ ಇರುವುದು ಕ್ಷೇಮ. ಏಕೆಂದರೆ, ಬಂದ ದಾರಿ ಹಿಂದಿರುಗಲು ಇದ್ದೇ ಇರುತ್ತದೆಂಬ ಭರವಸೆಯಿಲ್ಲ.

ಒಣ ಹವೆಯಲ್ಲಿ ಈ ಮಣ್ಣುದಾರಿ ಸಾಧಾರಣ ಮೋಟಾರಿಗೂ ಸಾಧ್ಯವಾದದ್ದೇ. ಆದರೆ ಗಾಳಿ ಬೀಸಿದರೆ ಮರಳು ಹಾರಿಬಂದು ದಾರಿಗೆ ಅಡ್ಡಲಾಗಿ ದಿಬ್ಬ ಕಟ್ಟುತ್ತದೆ. ಮಳೆ ಸುರಿದರೆ ಜೇಡಿ ಮಣ್ಣು ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಉಳಿದ ಕಡೆ ರಸ್ತೆಯ ಮೈ ಗೀರುಗೀರಾಗಿ, ಅಕ್ಕಿ ಕೇರುವ ಮೊರದಂತೆ ಬಂಡಿಯನ್ನು ಕುಲುಕುತ್ತದೆ. ಎಳೆಯುವ ಮೋಟಾರಿನಲ್ಲಿ ಕುಳಿತವರಿಗೆ ಇದು ಅಷ್ಟಾಗಿ ತಿಳಿಯದು. ಹಿಂದಿನ ಟ್ರೇಲರಿನಲ್ಲಿ ಮಾತ್ರ ಬೀರುವಿನ ಬಾಗಿಲು ತೆರೆದುಕೊಂಡು, ಸಕ್ಕರೆಯೂ ಸಾಬೂನಿನ ಪುಡಿಯೂ ಒಂದಾಗಿರುತ್ತವೆ! ಅನುಭವವುಳ್ಳವರು ಗಾಜಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ, ನಿಧಾನವಾಗಿ ಸಾಗಿ, ನಡುನಡುವೆ ಇಳಿದು ಕೊಂಡಿಯನ್ನೂ ಗಾಲಿಯ ತಿರುಪುಗಳನ್ನೂ ಪರೀಕ್ಷಿಸುತ್ತಾರೆ. ಆಕಾಶದಲ್ಲಿ ಮೋಡ ಕವಿದಿದ್ದರೆ ಬಂಡಿಯನ್ನು ತಿರುಗಿಸಿಕೊಂಡು ಊರಿಗೆ ಹೋಗಿಬಿಡುತ್ತಾರೆ. ಇದು ಹೇಡಿತನವಲ್ಲ, ಆ ಸೀಮೆಯ ವಿವೇಕ.

ಅಂಚಿಗೆ ಬಂದ ಮೇಲೂ ಕಂಡಕಂಡಲ್ಲಿ ಬಂಡಿ ನುಗ್ಗಿಸಲಾಗದು. ಹಿಂದಿನವರು ತಂಗಿ ಗಟ್ಟಿಯಾದ ನೆಲದಲ್ಲೇ ನಿಲ್ಲಬೇಕು. ಸುತ್ತಲಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ರೊಟ್ಟಿಯ ಹೊರಪದರದಂತೆ ಕಾಣುವುದು ಬರಿಯ ಮಣ್ಣಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂವುಗಳು ಸೇರಿ ನೇಯ್ದ ಜೀವಂತ ಹೊದಿಕೆ ಅದು. ಮರಳು ಹಾರದಂತೆ ತಡೆಯುವುದೂ, ಗಾಳಿಯ ಸಾರಜನಕವನ್ನು ಗಿಡಗಳಿಗೆ ಒದಗಿಸುವುದೂ ಅದರ ಕೆಲಸ. ಒಂದು ಗಾಲಿಯ ಗುರುತು ಅಲ್ಲಿ ಮಾಯುವುದಕ್ಕೆ ಹತ್ತಾರು ವರ್ಷಗಳೇ ಬೇಕು.

ಇರುಳಿನ ಐಶ್ವರ್ಯ

ಸೂರ್ಯ ಮುಳುಗಿದೊಡನೆ ಕಮರಿಯ ಕೆಂಪುಗೋಡೆಗಳು ಮೊದಲು ಕುಂಕುಮದ ಬಣ್ಣಕ್ಕೆ, ಆಮೇಲೆ ನೇರಿಳೆಗೆ ತಿರುಗಿ ಕಪ್ಪಿನಲ್ಲಿ ಕರಗುತ್ತವೆ. ಗಾಳಿ ನಿಂತರೆ ನಿಶ್ಶಬ್ದವೇ ಕಿವಿಯಲ್ಲಿ ಗುಂಯ್‌ಗುಡುತ್ತದೆ. ನಗರದ ಬೆಳಕು ಬಹುದೂರವಾದುದರಿಂದ ನಕ್ಷತ್ರಗಳು ತುಂಬಿ ತುಳುಕುತ್ತವೆ; ಚಂದ್ರನಿಲ್ಲದ ಇರುಳಿನಲ್ಲಿ ಆಕಾಶಗಂಗೆ ದಿಗಂತದಿಂದ ದಿಗಂತಕ್ಕೆ ಹಾಸಿಕೊಂಡಿರುತ್ತದೆ. ಕ್ಯಾನಿಯನ್‌ಲ್ಯಾಂಡ್ಸ್ ಉದ್ಯಾನಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಕತ್ತಲೆಯಾಕಾಶದ ಮನ್ನಣೆ ದೊರೆಯಿತು. ಕತ್ತಲೆಯನ್ನೂ ಒಂದು ಸಂಪತ್ತೆಂದು ಕಾಪಾಡಬೇಕಾದ ಕಾಲ ಬಂದಿದೆ!

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಕತ್ತಲೆಯನ್ನು ನೆಚ್ಚಿಕೊಂಡವರು ಬೇರೆ ಜನ. ಈ ಕಮರಿಯ ದಕ್ಷಿಣದ ಸೀಮೆಗೆ ಇಂದಿಗೂ ‘ದರೋಡೆಗಾರರ ತಂಗುದಾಣ’ ಎಂಬರ್ಥದ ಹೆಸರೇ ಉಂಟು. ರೈಲು ಮತ್ತು ಬ್ಯಾಂಕುಗಳನ್ನು ದೋಚಿ ಹೆಸರಾದ ಬುಚ್ ಕ್ಯಾಸಿಡಿಯ ತಂಡ ಅಲ್ಲಿ ತಲೆಮರೆಸಿಕೊಳ್ಳುತ್ತಿತ್ತು. ದಾರಿ ಬಲ್ಲವನ ಹೊರತು ಬೇರೊಬ್ಬ ಈ ಚಕ್ರವ್ಯೂಹದೊಳಗೆ ಹೊಕ್ಕು ಹೊರಬರುವುದು ಕಷ್ಟವೆಂಬುದೇ ಅವರ ರಕ್ಷಣೆಯಾಗಿತ್ತು.

ಮಹಾಚಿತ್ರಶಾಲೆ

ಬೆಳಗಾಗುವ ಮೊದಲೇ ಎದ್ದು ಇಳಿಯಲಾರಂಭಿಸುವುದು ಲೇಸು. ಕಾಲ್ದಾರಿ ಸುಮಾರು 780 ಅಡಿ ಕೆಳಗಿಳಿಯುತ್ತದೆ. ಹೋಗಿಬರಲು ಏಳು ಮೈಲಿ, ಸುಮಾರು ಆರು ಗಂಟೆಯ ಕೆಲಸ. ಇಳಿಯುವಾಗ ಹಿತ, ಏರುವಾಗ ಶ್ರಮ. ಅದೂ ಬಿಸಿಲೇರಿದ ಮೇಲೆ. ಬೇಸಿಗೆಯಲ್ಲಿ ಇಲ್ಲಿಯ ತಾಪ ನೂರು ಡಿಗ್ರಿ ಫ್ಯಾರನ್‌ಹೀಟನ್ನು ದಾಟುವುದುಂಟು.

ಕಾಲ್ದಾರಿಯ ಇಕ್ಕೆಲದ ಬಂಡೆ ಒಂದಾನೊಂದು ಯುಗದಲ್ಲಿ ಮರಳುಗುಡ್ಡೆಯಾಗಿತ್ತು. ಹತ್ತೊಂಬತ್ತು ಕೋಟಿ ವರ್ಷಗಳಷ್ಟು ಹಿಂದೆ ಗಾಳಿ ರಾಶಿ ಹಾಕಿದ ಮರಳು ಕಲ್ಲಾಗಿ, ಆ ಕಲ್ಲನ್ನು ನೀರು ಸೀಳಿ ಕಮರಿಯಾಯಿತು. ಒಂದೆಡೆ ಬಂಡೆಯಲ್ಲಿ ಮೂರು ಬೆರಳಿನ ಡೈನೋಸಾರ್ ಹೆಜ್ಜೆಯೂ ಅಚ್ಚೊತ್ತಿದೆ. ತಳದಲ್ಲಿ ಮರಳಿನ ಹಾಸು. ಅಲ್ಲಲ್ಲಿ ಕಾಟನ್‌ವುಡ್ ಎಂಬ ಮರಗಳ ತೋಪು. ಶರತ್ಕಾಲದಲ್ಲಿ ಅವುಗಳ ಎಲೆ ಅರಿಸಿನದ ಬಣ್ಣಕ್ಕೆ ತಿರುಗಿ ಕೆಂಪು ಗೋಡೆಗಳ ನಡುವೆ ಹೊಳೆಯುತ್ತದೆ. ವರ್ಷದ ಬಹುಕಾಲ ಇಲ್ಲಿ ತೊರೆ ಅಲ್ಲಿಷ್ಟು ಇಲ್ಲಿಷ್ಟು ಕಾಣಿಸಿಕೊಳ್ಳುತ್ತದೆ. ಆದರೆ ಬೇಸಿಗೆಯ ಕೊನೆಯಲ್ಲಿ, ತಲೆಯ ಮೇಲೆ ಬಿಸಿಲಿರುವಾಗಲೇ, ಎಲ್ಲೋ ಮೈಲಿಗಳಾಚೆ ಸುರಿದ ಮಳೆ ಕೆಂಪು ಪ್ರವಾಹವಾಗಿ ನುಗ್ಗಿಬರಬಹುದು.

ಮೂರೂವರೆ ಮೈಲಿಯ ಕೊನೆಗೆ ಮಹಾಚಿತ್ರಶಾಲೆ. ಎತ್ತರದ ಬಂಡೆಯ ಗೋಡೆಯ ಮೇಲೆ ಸುಮಾರು ಇನ್ನೂರು ಅಡಿ ಉದ್ದಕ್ಕೂ ಕಾವಿಬಣ್ಣದ ಆಳೆತ್ತರದ ಆಕೃತಿಗಳು ಸಾಲಾಗಿ ನಿಂತಿವೆ. ಕೈಯಿಲ್ಲ, ಕಾಲಿಲ್ಲ, ಹೆಗಲು ಅಗಲ, ಕೆಳಗೆ ಕೆಳಗೆ ಕಿರಿದಾಗುವ ಮೈ. ಕೆಲವಕ್ಕೆ ಮೈತುಂಬ ಸೂಕ್ಷ್ಮವಾದ ರೇಖೆಗಳ ಅಲಂಕಾರ. ಟೊಳ್ಳಾದ ಕಣ್ಣುಗಳ ಒಂದು ದೊಡ್ಡ ಆಕೃತಿ ಉಳಿದವಕ್ಕಿಂತ ಎತ್ತರವಾಗಿ, ಮಂಜಿನಿಂದ ರೂಪುಗೊಂಡಂತೆ ನಿಂತಿದೆ. ನೋಡುವವರು ತಾವರಿಯದೆ ದನಿ ತಗ್ಗಿಸುತ್ತಾರೆ. ಬರೆದವರು ಯಾವ ಭಾಷೆಯನ್ನಾಡುತ್ತಿದ್ದರು, ಇವು ದೇವತೆಗಳೋ ಪಿತೃಗಳೋ ಎಂಬುದನ್ನು ಹೇಳುವ ಒಂದಕ್ಷರವೂ ಉಳಿದಿಲ್ಲ.

ಇವುಗಳ ಕಾಲವನ್ನು ಕುರಿತು ಬಹಳ ಕಾಲ ಊಹೆಯೇ ನಡೆದಿತ್ತು. ನಾಲ್ಕು ಸಾವಿರ ವರ್ಷ ಹಳೆಯವೆಂದವರೂ ಉಂಟು. ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಬೇರೊಂದು ದಾರಿ ಹಿಡಿದರು. ಚಿತ್ರದ ಒಂದು ಭಾಗವನ್ನು ಹೊತ್ತ ಬಂಡೆಯೊಂದು ಹಿಂದೆಂದೋ ಕಳಚಿ ಬಿದ್ದಿದೆ. ಅದರ ಅಡಿಯ ಮರಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಅಳೆದರೆ ಬಂಡೆ ಬಿದ್ದ ಕಾಲ ತಿಳಿಯುತ್ತದೆ. ಚಿತ್ರ ಅದಕ್ಕಿಂತ ಹಿಂದಿನದು. ಕಮರಿಯ ತಳದಲ್ಲಿ ಹಿಂದೆ ತುಂಬಿದ್ದ ಮಣ್ಣು ಕೊಚ್ಚಿಹೋಗಿ ಗೋಡೆ ಬಯಲಾದ ಮೇಲಷ್ಟೇ ಅಲ್ಲಿ ಬರೆಯಲು ಸಾಧ್ಯ. ಚಿತ್ರ ಅದಕ್ಕಿಂತ ಈಚಿನದು. ಹೀಗೆ ಎರಡು ಕಡೆಯಿಂದ ಗಡಿ ಹಾಕಿ, ಚಿತ್ರಗಳು ಸುಮಾರು ಎರಡು ಸಾವಿರ ಮತ್ತು ಒಂಬೈನೂರು ವರ್ಷಗಳ ಹಿಂದಿನ ಅವಧಿಯವೆಂದು ಅವರು ನಿರ್ಣಯಿಸಿದರು.

ಇಷ್ಟು ಕಾಲ ಗಾಳಿ ಮಳೆಗಳನ್ನು ತಾಳಿದ ಬಣ್ಣವನ್ನು ಮನುಷ್ಯನ ಬೆರಳಿನ ಜಿಡ್ಡು ಕೆಡಿಸಬಲ್ಲದು. ಅದರಿಂದಲೇ ಮುಟ್ಟಕೂಡದೆಂಬ ನಿಯಮ.

ಒಂದು ಕೈಯ ಬೆಲೆ

2003ರ ಏಪ್ರಿಲ್ 26ರಂದು ಇಪ್ಪತ್ತೇಳು ವರ್ಷದ ಏರನ್ ರಾಲ್ಸ್ಟನ್ ಎಂಬ ತರುಣ ಇದೇ ಕಾಲ್ದಾರಿಯ ಮೊದಲಿನಲ್ಲಿ ತನ್ನ ಮೋಟಾರನ್ನು ನಿಲ್ಲಿಸಿ, ಸೈಕಲ್ಲನ್ನೇರಿ ದಕ್ಷಿಣಕ್ಕೆ ಹೊರಟ. ಬ್ಲೂಜಾನ್ ಎಂಬ ಇಕ್ಕಟ್ಟಾದ ಕಮರಿಯಲ್ಲಿಳಿದು ಹಾರ್ಸ್‌ಶೂ ಕಮರಿಯ ಮೂಲಕ ಸಂಜೆಯೊಳಗೆ ಮರಳುವುದು ಅವನ ಯೋಜನೆ. ಪರಿಣತ ಚಾರಣಿಗ, ಮೈಯಲ್ಲಿ ಕಸುವುಂಟು. ಮಾಡದೆ ಉಳಿದದ್ದು ಒಂದೇ ಕೆಲಸ: ತಾನು ಹೋಗುವ ಸ್ಥಳವನ್ನು ಅವನು ಯಾರಿಗೂ ತಿಳಿಸಿರಲಿಲ್ಲ.

ಇಳಿಯುವಾಗ ಬಂಡೆಯೊಂದು ಜಾರಿ ಅವನ ಬಲಗೈಯನ್ನು ಗೋಡೆಗೆ ಅದುಮಿಹಿಡಿಯಿತು. ಕೂಗಿದರೆ ಕೇಳುವವರಿಲ್ಲ. ಇದ್ದ ಸ್ವಲ್ಪ ನೀರು ಮುಗಿಯಿತು. ಐದು ದಿನಗಳ ಬಳಿಕ, ಮೇ 1ರಂದು, ಬೇರೆ ದಾರಿಗಾಣದೆ ಅವನು ಸಣ್ಣ ಚಾಕುವಿನಿಂದ ತನ್ನ ಮುಂಗೈಯನ್ನು ತಾನೇ ಕತ್ತರಿಸಿಕೊಂಡು ಬಿಡಿಸಿಕೊಂಡ. ಒಂದೇ ಕೈಯಲ್ಲಿ ಹಗ್ಗ ಹಿಡಿದು ಕಡಿದಾದ ಗೋಡೆಯನ್ನಿಳಿದು, ಹಾರ್ಸ್‌ಶೂ ಕಮರಿಯ ಮರಳಿನಲ್ಲಿ ಮೈಲಿಗಟ್ಟಲೆ ನಡೆದ. ಚಿತ್ರಗಳನ್ನು ನೋಡಲು ಬಂದಿದ್ದ ಹಾಲೆಂಡಿನ ತಂದೆ, ತಾಯಿ, ಮಗ ಅವನಿಗೆ ಎದುರಾದರು. ನೀರೂ ತಿಂಡಿಯೂ ಕೊಟ್ಟು ಧೈರ್ಯ ಹೇಳಿದರು. ಅಷ್ಟರಲ್ಲಿ ಮನೆಯವರ ಮೊರೆಯಿಂದ ಆರಂಭವಾದ ಶೋಧ ಇದೇ ಪ್ರದೇಶಕ್ಕೆ ಬಂದು ಮುಟ್ಟಿತ್ತು. ಹೆಲಿಕಾಪ್ಟರು ಕಮರಿಗಿಳಿದು ಅವನನ್ನು ಹೊತ್ತೊಯ್ದಿತು, ಜೀವ ಉಳಿಯಿತು. ಈ ಕಥೆ 2010ರಲ್ಲಿ ‘127 ಅವರ್ಸ್’ ಎಂಬ ಚಲನಚಿತ್ರವಾಯಿತು. ಅದಕ್ಕೆ ಸಂಗೀತ ನೀಡಿದವರು ನಮ್ಮ ಎ. ಆರ್. ರೆಹಮಾನ್.

ಹೊರಡುವ ಮುನ್ನ

ಈ ಬಯಲಿಗೆ ಬರುವವರು ಮನೆಯವರ ಕೈಗೆ ಒಂದು ಚೀಟಿ ಬರೆದುಕೊಟ್ಟು ಬರಬೇಕು: ಯಾವ ಕಮರಿ, ಎಷ್ಟು ಜನ, ಹಿಂದಿರುಗುವ ದಿನ ಯಾವುದು. ಅದಕ್ಕೆ ಬೇಕಾದದ್ದು ಒಂದು ತುಂಡು ಕಾಗದ. ರಾಲ್ಸ್ಟನ್ನನ ಮನೆಯಲ್ಲಿ ಆ ಕಾಗದವಿದ್ದಿದ್ದರೆ ಹುಡುಕುವವರು ಐದು ದಿನ ತಡೆಯಬೇಕಾಗಿರಲಿಲ್ಲ.

ಬಿಡಾರ ಕೀಳುವ ಬೆಳಗ್ಗೆ ಟ್ರೇಲರಿನ ಬಳಿ ಮತ್ತೆ ಕೆಲಸಗಳ ಸರದಿ ಆರಂಭವಾಗುತ್ತದೆ. ಪಾತ್ರೆ ತೊಳೆದ ನೀರನ್ನು ಮರಳಿಗೆ ಚೆಲ್ಲದೆ ತೊಟ್ಟಿಯಲ್ಲೇ ತುಂಬಿಟ್ಟು ಊರಿನ ವಿಲೇವಾರಿ ಸ್ಥಳಕ್ಕೆ ಒಯ್ಯಬೇಕು. ಕಿತ್ತಳೆಯ ಸಿಪ್ಪೆಯನ್ನೂ ಬಿಡುವಂತಿಲ್ಲ. ಆ ಒಣಹವೆಯಲ್ಲಿ ಅದು ಕೊಳೆಯದೆ ಬಹುಕಾಲ ಬಿದ್ದಿರುತ್ತದೆ. ಬೀರುಗಳಿಗೆ ಅಗುಳಿ, ಒಲೆಗೆ ಕೀಲಿ, ಕೊಂಡಿಗೆ ಸರಪಣಿ. ಮಕ್ಕಳು ಒಂದು ಸುತ್ತು ಹೋಗಿ ಕಸದ ಚೂರು ಉಳಿದಿದೆಯೇ ಎಂದು ನೋಡಿ ಬರುತ್ತಾರೆ.

ಬಂಡಿ ನಿಧಾನವಾಗಿ ಹೆದ್ದಾರಿಯತ್ತ ಹೊರಡುತ್ತದೆ. ಹಿಂದೆ ಧೂಳು ಎದ್ದು, ಅಡಗಿ, ಮತ್ತೆ ಬಯಲು ಬಯಲಾಗಿಯೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಬಂಡಿ ಬಂದು ಅದೇ ನೆಲದಲ್ಲಿ ನಿಲ್ಲಬಹುದು. ಇಳಿದವರಿಗೆ ಹಿಂದಿನ ರಾತ್ರಿ ಇಲ್ಲಿ ಒಂದು ಸಂಸಾರ ಉಂಡು ಮಲಗಿತ್ತೆಂಬ ಸುಳಿವೇ ಸಿಗದಿದ್ದರೆ, ಆ ಸಂಸಾರ ಸಲ್ಲಿಸಬೇಕಾದ ಬಾಡಿಗೆ ಸಂದಂತೆಯೇ.