ವರದಿಗೆ ಮುನ್ನ ಹೊರಟ ಹಡಗು

ಪಯಣ ಮೊದಲೋ, ಸ್ಕ್ಯಾನ್ ಮೊದಲೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗೂ ನಡೆಯಿತು. ಬಂಧುಗಳೆಲ್ಲರ ಅಭಿಪ್ರಾಯ ಒಂದೇ ಆಗಿತ್ತು: ರಿಪೋರ್ಟ್ ಕೈಗೆ ಬರಲಿ, ಆಮೇಲೆ ನಿಶ್ಚಿಂತೆಯಿಂದ ಹೋಗಿಬನ್ನಿ. ಹಿತವಚನವೇ, ಸಂಶಯವಿಲ್ಲ. ಆದರೆ 'ನಿಶ್ಚಿಂತೆ' ಎಂಬ ಪದದ ಅರ್ಥ ಅವರಿಗೂ ನಮಗೂ ಬೇರೆಯಾಗಿ ಆಗಲೇ ಎರಡು ವರ್ಷಗಳಾಗಿದ್ದವು. ದೊಡ್ಡ ಕರುಳಿನ ಕ್ಯಾನ್ಸರ್ ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು-ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಗಾಗ ಸಿ.ಟಿ. ಸ್ಕ್ಯಾನ್. ಒಳ್ಳೆಯ ವರದಿ ತರುವ ಸಮಾಧಾನದ ಆಯುಷ್ಯ ನಾಲ್ಕೈದು ವಾರ. ಅಷ್ಟರಲ್ಲಿ ಮುಂದಿನ ದಿನಾಂಕದ ನೆರಳು ಗೋಡೆಯ ಮೇಲೆ ಬಿದ್ದಿರುತ್ತದೆ.

ಲಕ್ಷದ್ವೀಪದ ಕಡೆ ಹೋಗುವ ವಿಹಾರ ನೌಕೆಗೆ ನಾವು ಮೊದಲು ಟಿಕೆಟ್ ತೆಗೆಸಿದ್ದು 2022ರ ಡಿಸೆಂಬರಿಗೆ. ನಿವೃತ್ತಿಯ ಹಣದಲ್ಲಿ ನಾವಿಬ್ಬರೂ ನಮಗಾಗಿಯೇ ಮಾಡಿದ ಮೊದಲ ದೊಡ್ಡ ಖರ್ಚು ಅದು. ಆ ವರ್ಷದ ದಸರೆಯ ಹೊತ್ತಿಗೆ ಕಾಯಿಲೆ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ಅನಂತರ ಎರಡು ವಾರಕ್ಕೊಂದರಂತೆ ಹನ್ನೆರಡು ಕಿಮೊ. ಪ್ರತಿ ಸಲವೂ ಆಸ್ಪತ್ರೆಯಿಂದ ಸೊಂಟಕ್ಕೆ ಕಟ್ಟಿಕೊಂಡು ಬಂದ ಪುಟ್ಟ ಪಂಪು ಸುಮಾರು ನಲವತ್ತಾರು ಗಂಟೆ ಮನೆಯಲ್ಲೂ ಔಷಧ ಹರಿಸುತ್ತಿತ್ತು. ಔಷಧ ಹರಿದದ್ದು ನಮ್ಮಲ್ಲಿ ಒಬ್ಬರ ದೇಹದೊಳಗೆ. ಅದರ ಗಂಟೆಗಳನ್ನು ಎಣಿಸಿದವರು ಇಬ್ಬರೂ. ಆಗ ತಣ್ಣನೆಯದೆಲ್ಲವೂ ನಮಗೆ ವೈರಿಯಾಯಿತು. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತೆ, ಒಂದು ಗುಟುಕು ತಣ್ಣೀರು ಕುಡಿದರೆ ಗಂಟಲು ಬಿಗಿದಂತೆ. ಮುಂಬಯಿಯ ಮೇ ತಿಂಗಳಿನಲ್ಲಿ ನಾವಿಬ್ಬರೂ ಬಿಸಿನೀರು ಕುಡಿದೆವು. ಚಿಕಿತ್ಸೆ ಮುಗಿದ ಮೇಲೆ ಆ ಬಾಧೆ ಹೋಯಿತಾದರೂ ಅಂಗಾಲುಗಳ ಜೋಮು ಉಳಿದುಕೊಂಡಿತು.

ಕೊನೆಗೆ ಪ್ರಶ್ನೆಯನ್ನು ವೈದ್ಯರ ಮುಂದೆಯೇ ಇಟ್ಟೆವು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಹೋಗಿಬನ್ನಿ, ಸ್ಕ್ಯಾನ್ ಮಷೀನ್ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ವರದಿ ಕೆಟ್ಟದ್ದಾದರೆ ಪಯಣವಿಲ್ಲ, ಒಳ್ಳೆಯದಾದರೆ ಮಾತ್ರ ಪಯಣ ಎಂಬ ಷರತ್ತನ್ನು ಅಂದೇ ಕಿತ್ತುಹಾಕಿದೆವು. ವರದಿ ಏನೇ ಹೇಳಲಿ, ಅದು ಬರುವ ಮುಂಚಿನ ಹದಿನೈದು ದಿನಗಳಂತೂ ನಮ್ಮವೇ ಆಗಿದ್ದವು.

ಊರಿನಿಂದ ದೊಡ್ಡಮ್ಮ ಫೋನು ಮಾಡಿ, "ಗುಣ ಆದವರು ದೇವಸ್ಥಾನಕ್ಕೆ ಹೋಗುತ್ತಾರೆ ಮಕ್ಕಳೇ, ಸಮುದ್ರಕ್ಕೆ ಹೋಗುವುದುಂಟೇ?" ಎಂದರು. ಅವರ ಭಯಕ್ಕೆ ಆಧಾರವಿಲ್ಲದಿಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡ ಸುದ್ದಿಯನ್ನು ಕೇಳಿ ಬೆಳೆದ ತಲೆಮಾರು ಅದು. ಕೊಂಕಣ ರೈಲು ಇಡಿಯಾಗಿ ಓಡತೊಡಗಿದ್ದು 1998ರಲ್ಲಿ. ಹೊಳೆಗಳಿಗೆಲ್ಲ ಸೇತುವೆಗಳಾಗುವ ಮೊದಲು ನಮ್ಮ ಕರಾವಳಿಯ ಎಷ್ಟೋ ಮಂದಿ ಮುಂಬಯಿಗೆ ಬಂದದ್ದು ಹಡಗಿನಲ್ಲೇ. ನಮ್ಮ ಅಜ್ಜನೂ ಹಾಗೆ ಬಂದವರು, ಟ್ರಂಕು, ಚಾಪೆ, ಅವಲಕ್ಕಿಯ ಗಂಟಿನೊಂದಿಗೆ. ಅವರು ಹೊಟ್ಟೆಪಾಡಿಗೆ ದಾಟಿದ ನೀರನ್ನು ಮೊಮ್ಮಕ್ಕಳು ಹವಾ ತಿನ್ನಲು ದಾಟುವುದು ದೊಡ್ಡಮ್ಮನ ಕಣ್ಣಿಗೆ ಚೆಲ್ಲಾಟವೆನಿಸಿದರೆ ಆಶ್ಚರ್ಯವಿಲ್ಲ.

ಹೊರಡುವ ದಿನ ಬೆಲ್ಲಾರ್ಡ್ ಪಿಯರಿನ ಸಾಲಿನಲ್ಲಿ ನಿಂತಾಗ ನಮ್ಮ ಬಳಿ ಬಟ್ಟೆಯ ಚೀಲ ಒಂದು, ಕಾಗದಪತ್ರಗಳ ಚೀಲ ಒಂದು. ಡಿಸ್ಚಾರ್ಜ್ ಸಾರಾಂಶ, ಔಷಧದ ಪಟ್ಟಿ, ವೈದ್ಯರ ಪತ್ರ, ವಿಮೆಯ ಹಾಳೆಗಳು. ಪ್ರಯಾಣ ವಿಮೆಯ ಕಂಪನಿ 'ಮೊದಲೇ ಇದ್ದ ಕಾಯಿಲೆ' ಎಂಬ ಒಂದೇ ಸಾಲಿನಲ್ಲಿ, ನಮಗೆ ಬೇಕಾದ ರಕ್ಷಣೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಟ್ಟಿತ್ತು. ಅಪರಿಚಿತರ ನಡುವೆ ನಾವು ಯಾರ ಕಣ್ಣಿಗೂ ರೋಗಿಯೂ ಅಲ್ಲ, ಆರೈಕೆಯವರೂ ಅಲ್ಲ. ಇಬ್ಬರು ಹಿರಿಯ ನಾಗರಿಕರು, ಅಷ್ಟೇ. ಆ ಸಾಮಾನ್ಯತೆಯ ಸುಖವನ್ನು ಮರೆತೇ ಬಿಟ್ಟಿದ್ದೆವು.

ಹಡಗು ಬಿಡುವ ಮುನ್ನ ಸುರಕ್ಷತೆಯ ಕವಾಯತು. ಏಳು ಗಿಡ್ಡ ಶಿಳ್ಳೆ, ಒಂದು ಉದ್ದ ಶಿಳ್ಳೆ. ಕೇಳಿದ ಕೂಡಲೇ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ಟನ್ನು ಹೇಗೆ ಬಿಗಿಯಬೇಕು ಎಂದು ಸಿಬ್ಬಂದಿ ತೋರಿಸಿಕೊಟ್ಟರು. ಸುತ್ತಲಿನವರು ಸೆಲ್ಫಿಯಲ್ಲಿ ಮುಳುಗಿದ್ದರು. ನಾವು ಮಾತ್ರ ಪರೀಕ್ಷೆಗೆ ಕುಳಿತ ಮಕ್ಕಳಂತೆ ಕೇಳಿಸಿಕೊಂಡೆವು. ಅಪಾಯವೊಂದು ಮೊದಲೇ ಶಿಳ್ಳೆ ಹಾಕಿ ಬರುತ್ತದೆ ಎಂಬುದೇ ನಮಗೆ ಎಷ್ಟೋ ಮರ್ಯಾದೆಯ ಏರ್ಪಾಟಾಗಿ ಕಂಡಿತು!

ಸಂಜೆ ಹಡಗು ದಡ ಬಿಟ್ಟಿತು. ಬಲಕ್ಕೆ ಗೇಟ್‌ವೇ, ತಾಜ್, ಆಮೇಲೆ ಕೊಲಾಬಾ. ನಲವತ್ತು ವರ್ಷ ಬಾಳಿದ ನಗರವನ್ನು ನೀರಿನ ಕಡೆಯಿಂದ ಹೀಗೆ ನಿಂತು ನೋಡಿರಲಿಲ್ಲ. ಡೆಕ್ಕಿನ ನೆಲ ಯಂತ್ರದ ಸದ್ದಿಗೆ ಸಣ್ಣಗೆ ನಡುಗುತ್ತಿತ್ತು. ಒಬ್ಬರ ಪಾದಕ್ಕೆ ಅದು ತಿಳಿಯುತ್ತಿತ್ತು, ಇನ್ನೊಬ್ಬರ ಪಾದಕ್ಕೆ ಇಲ್ಲ. "ಹೇಗಿದೆ?" ಎಂಬ ಪ್ರಶ್ನೆಗೆ, "ಗಿರಣಿಯ ಹತ್ತಿರ ನಿಂತ ಹಾಗಿದೆ" ಎಂಬ ಉತ್ತರ. ಜೋಮು ಹಿಡಿದ ಅಂಗಾಲು ಕೊಲಾಬಾ ದಾಟುವವರೆಗೂ ನೆಲಕ್ಕೆ ಒತ್ತಿಕೊಂಡೇ ಇತ್ತು, ಏನೂ ತಿಳಿಯಲಿಲ್ಲ. ಕೈಯನ್ನು ಕಂಬಿಯ ಮೇಲಿಟ್ಟಾಗ ನಡುಕ ಬೆರಳುಗಳಿಗೆ ಸಿಕ್ಕಿತು. 1875ರಿಂದ ಅಲ್ಲಿಯೇ ನಿಂತಿರುವ ಪ್ರಾಂಗ್ಸ್ ದೀಪಸ್ತಂಭ ಹಿಂದೆ ಸರಿದು ತೆರೆದ ಕಡಲು ಸಿಕ್ಕಿದ ಮೇಲೆ ತೊನೆದಾಟ ಹೆಚ್ಚಿತು. ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಒಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು; ಈಗ ಹಡಗಿನ ಮಂದಿಯೆಲ್ಲ ಗೋಡೆ ಹಿಡಿದೇ ನಡೆಯುತ್ತಿದ್ದರು.

ಮೊಬೈಲಿನ ಸಿಗ್ನಲ್ ಹೋಗುವ ಮುನ್ನ ಕೊನೆಯದಾಗಿ ಬಂದದ್ದು ಸ್ಕ್ಯಾನ್ ಕೇಂದ್ರದ ಸಂದೇಶ: ದಿನಾಂಕ, ವೇಳೆ, ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು. ಓದಿ ಫೋನನ್ನು ಕಾಗದಪತ್ರಗಳ ಚೀಲದೊಳಗೆ ಇಟ್ಟು ಊಟಕ್ಕೆ ಇಳಿದೆವು. ಕೊನೆಯಲ್ಲಿ ಐಸ್‌ಕ್ರೀಮ್ ಇತ್ತು. ಎರಡು ಬಟ್ಟಲು ತೆಗೆದುಕೊಂಡೆವು. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಮತ್ತೊಂದು ತರಲು ನಮ್ಮಲ್ಲೊಬ್ಬರು ಎದ್ದಿದ್ದರು, ಗೋಡೆ ಹಿಡಿದುಕೊಂಡು.