ಸುತ್ತು ಮುಗಿಯಿತು, ಇಳಿಯುವ ಹಾಗಿಲ್ಲ

ಹೃದಯದ ತೊಂದರೆ ಇರುವವರು, ಬೆನ್ನು ಕುತ್ತಿಗೆ ನೋವಿನವರು, ಗರ್ಭಿಣಿಯರು, 48 ಅಂಗುಲಕ್ಕಿಂತ ಕುಳ್ಳಗಿರುವವರು ಹತ್ತಬಾರದು ಎಂದು ಬೋರ್ಡಿನಲ್ಲಿ ಬರೆದಿತ್ತು. ಬಿಟ್ಟಂಗಾಲದಲ್ಲಿ ಕಾಫಿ ಬೆಳೆಯುವ ಅಜ್ಜಿಯರು ಹತ್ತಬಾರದು ಎಂದು ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ ನಮ್ಮ ಯಜಮಾನರಿಗೆ ಎಷ್ಟು ಅನುಕೂಲವಾಗುತ್ತಿತ್ತು! ಅವರು ಬೋರ್ಡನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿ, ನನ್ನನ್ನು ತಡೆಯುವ ಸಾಲು ಒಂದೂ ಸಿಗದೆ, ಬ್ಯಾಗುಗಳನ್ನೆಲ್ಲ ತೆಗೆದುಕೊಂಡು ಬೆಂಚಿಗೆ ಹೋಗಿ ಕುಳಿತರು.

ಮಗಳು ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರು ನೋಡಬೇಕಾದದ್ದೆಲ್ಲ, ಅಂದರೆ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಪರಿಚಯದವರ ಮನೆಯ ಬಿಸಿಬೇಳೆಬಾತ್, ಎಲ್ಲ ಮುಗಿದಿತ್ತು. ಆಗ ಅವಳು ಹೇಳಿದ್ದು ಈ ಸಂಗತಿ. ಪಕ್ಕದ ಸಾಂಟಾ ಕ್ಲಾರಾದಲ್ಲಿ ಗ್ರೇಟ್ ಅಮೆರಿಕ ಎಂಬ ಪಾರ್ಕು. ಅಲ್ಲಿ ‘ಕೋಸ್ಟಿಂಗ್ ಫಾರ್ ಕಿಡ್ಸ್’ ಎಂದು ಒಂದು ದಿನ. ಹೆಸರು ಕೊಟ್ಟವರು ಪರಿಚಯದವರಿಂದ ದೇಣಿಗೆ ಎತ್ತಿ ತರಬೇಕು, ಒಂದೇ ರೋಲರ್ ಕೋಸ್ಟರಿನಲ್ಲಿ ಸುತ್ತಿನ ಮೇಲೆ ಸುತ್ತು ಹಾಕುತ್ತ ದಿನವಿಡೀ ಕುಳಿತಿರಬೇಕು. ಹಣ ಹೋಗುವುದು ಫ್ಲೋರಿಡಾದ ‘ಗಿವ್ ಕಿಡ್ಸ್ ದಿ ವರ್ಲ್ಡ್’ ಗ್ರಾಮಕ್ಕೆ.

ಆ ಗ್ರಾಮದ ಕತೆ ಕೇಳಿದ ಮೇಲೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆನ್ರಿ ಲ್ಯಾಂಡ್‌ವರ್ತ್ ಎಂಬಾತ ಹುಡುಗನಾಗಿದ್ದಾಗ ನಾಜಿಗಳ ಆಶ್‌ವಿಟ್ಸ್ ಶಿಬಿರದಿಂದ ಬದುಕಿ ಬಂದವನು; ಅಮೆರಿಕ ಸೇರಿ ಫ್ಲೋರಿಡಾದಲ್ಲಿ ಹೋಟೆಲು ನಡೆಸಿದ. ರಕ್ತದ ಕ್ಯಾನ್ಸರ್ ಆಗಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ಅಲ್ಲಿಯ ಪಾರ್ಕು ನೋಡುವ ಆಸೆ ಇತ್ತು. ಅವಳು ತಂಗಲು ಈತ ಕೋಣೆ ತೆಗೆದಿಟ್ಟ. ಉಳಿದ ಏರ್ಪಾಡುಗಳಿಗೆ ವಾರಗಳು ಹಿಡಿದವು. ಅಷ್ಟರಲ್ಲಿ ಹುಡುಗಿ ತೀರಿಕೊಂಡಳು. ಇನ್ನು ಯಾವ ಮಗುವೂ ಹೀಗೆ ಕಾಯಬಾರದು ಎಂದು 1986ರಲ್ಲಿ ಅವನು ಶುರು ಮಾಡಿದ ಕೆಲಸ ಇವತ್ತು ಒಂದು ಊರೇ ಆಗಿದೆ. ಗಂಭೀರ ಕಾಯಿಲೆಯ ಮಕ್ಕಳು ಮನೆಯವರೊಂದಿಗೆ ಒಂದು ವಾರ ಅಲ್ಲಿದ್ದು ಆಡಿಕೊಂಡು ಹೋಗುತ್ತಾರೆ, ಬಿಡಿಗಾಸು ಖರ್ಚಿಲ್ಲದೆ.

ನಮಗೆ ಸಿಕ್ಕಿದ್ದು ಗೋಲ್ಡ್ ಸ್ಟ್ರೈಕರ್. 2013ರಲ್ಲಿ ಕಟ್ಟಿದ ಮರದ ಕೋಸ್ಟರು. ಎತ್ತರ 108 ಅಡಿ, ವೇಗ ಗಂಟೆಗೆ ಸುಮಾರು 86 ಕಿಲೋಮೀಟರ್. ಮರದ್ದು ಎಂದಾಗ ನನಗೆ ಧೈರ್ಯ ಬಂದಿತ್ತು. ಮರ ನಮಗೆ ಗೊತ್ತಿರುವ ವಸ್ತು. ಹತ್ತಿರ ಹೋಗಿ ನೋಡಿದರೆ ಆಕಾಶದವರೆಗೆ ಅಡ್ಡ ಉದ್ದ ಮರದ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ್ದರು, ಗಾಡಿ ಹೋದಾಗಲೆಲ್ಲ ಇಡೀ ಕಟ್ಟೋಣ ನರಳುತ್ತಿತ್ತು. ಅದು ಅಲುಗಾಡುವುದೇ ಸರಿ, ಅಲುಗಾಡದಿದ್ದರೆ ಮುರಿಯುತ್ತದೆ ಎಂದು ಅಳಿಯ ಸಮಾಧಾನ ಹೇಳಿದ. ಸಮಾಧಾನಗಳಲ್ಲಿ ಇಷ್ಟು ಕೆಟ್ಟದ್ದನ್ನು ನಾನು ಕೇಳಿಲ್ಲ.

ಮೊದಲ ಸುತ್ತು. ಸರಪಳಿ ಗಾಡಿಯನ್ನು ಕಚ್ಚಿ ಮೇಲೆ ಎಳೆಯುವಾಗ ಅಡಿಯಿಂದ ಟಕ್ ಟಕ್ ಟಕ್ ಎಂದು ಸದ್ದು. ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು ಅದು. ನಮ್ಮನ್ನು ಕಾಯುವ ಯಂತ್ರವೇ ಎದೆ ನಡುಗಿಸುವ ಸದ್ದು ಮಾಡುತ್ತದೆ. ತುದಿ ತಲುಪಿದ ಮೇಲೆ ಎಂಜಿನ್ ಇಲ್ಲ, ಗಿಂಜಿನ್ ಇಲ್ಲ. ಏರಿದ ಎತ್ತರವೇ ಬಂಡವಾಳ. ಮುಂದಿನ ಯಾವ ದಿಬ್ಬವೂ ಮೊದಲನೆಯದಕ್ಕಿಂತ ಎತ್ತರ ಇರುವಂತಿಲ್ಲ, ತಿಕ್ಕಾಟಕ್ಕೆ ಗಾಳಿಗೆ ಬಂಡವಾಳ ಸವೆಯುತ್ತ ಹೋಗುತ್ತದೆ. ಈ ಕೋಸ್ಟರಿನಲ್ಲಿ ಮೊದಲ ಇಳಿಜಾರಿಗೇ ಸುರಂಗದ ಮುಚ್ಚಿಗೆ ಇದೆ, ಸುತ್ತಲಿನ ಕಚೇರಿಗಳಿಗೆ ನಮ್ಮ ಕಿರುಚಾಟ ಕೇಳದಿರಲಿ ಎಂದು. ಆ ಕತ್ತಲೆಯಲ್ಲಿ ನಾನು ಇಗ್ಗುತಪ್ಪ ದೇವರಿಗೆ ಏನೋ ಹರಕೆ ಹೇಳಿಕೊಂಡೆ. ಏನೆಂದು ಈಗ ನೆನಪಿಲ್ಲ. ದೇವರಿಗೆ ನೆನಪಿರಬಹುದು.

ಈ ಆಟ ಶುರುವಾದಾಗ ಇಷ್ಟು ರೌದ್ರವಾಗಿರಲಿಲ್ಲ. ರಷ್ಯಾದವರು ಚಳಿಗಾಲದಲ್ಲಿ ಮರದ ಅಟ್ಟಣಿಗೆಯ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ ಅದರ ಮೇಲಿಂದ ಜಾರುತ್ತಿದ್ದರು. 1817ರ ಹೊತ್ತಿಗೆ ಪ್ಯಾರಿಸ್ಸಿನವರು ಅದಕ್ಕೆ ಚಕ್ರ ಹಾಕಿ, ಚಕ್ರ ಹಳಿ ಬಿಡದಂತೆ ಮಾಡಿದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಟ್ಟದಿಂದ ಕಲ್ಲಿದ್ದಲು ಇಳಿಸಲು ಹಾಕಿದ್ದ ಹಳಿಯ ಮೇಲೆ ಜನ ದುಡ್ಡು ಕೊಟ್ಟು ಕುಳಿತು ಇಳಿಯತೊಡಗಿದರು. ಅದೆಲ್ಲ ಆದ ಮೇಲೆ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬುವನು ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಐದು ಸೆಂಟಿಗೆ ಒಂದು ಸವಾರಿ ಎಂದು ತನ್ನ ಗಾಡಿ ಓಡಿಸಿದ. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಇದ್ದೀತು. ಬೆಂಚಿನಲ್ಲಿ ಪಕ್ಕಕ್ಕೆ ಮುಖ ಮಾಡಿ ಕುಳಿತು ಸಮುದ್ರ ನೋಡಿಕೊಂಡು ಹೋಗುವುದು. ಕಾಲುಚೀಲದ ವ್ಯಾಪಾರದಿಂದ ಬಂದ ಧರ್ಮಭೀರು ಮನುಷ್ಯ. ಜನ ಸೆರೆಯಂಗಡಿ ಬಿಟ್ಟು ಹೊರಗೆ ಬರಲಿ ಎಂಬುದು ಅವನ ಆಸೆ. ಜನ ಬಂದರು, ಆದರೆ ಇನ್ನೂ ಜೋರು, ಇನ್ನೂ ಎತ್ತರ ಬೇಕೆಂದರು. 1919ರಲ್ಲಿ ಜಾನ್ ಮಿಲ್ಲರ್ ಹಳಿಯ ಅಡಿಗೂ ಒಂದು ಚಕ್ರ ಕೊಟ್ಟು ಪೇಟೆಂಟ್ ಮಾಡಿಸಿದ ಮೇಲಂತೂ ಕೇಳುವುದೇ ಬೇಡ. ಗಾಡಿ ಮೇಲಕ್ಕೆ ಹಾರುವ ಭಯ ತಪ್ಪಿತು, ಆದ್ದರಿಂದ ಕುಳಿತವರನ್ನು ಸೀಟಿನಿಂದ ಎಬ್ಬಿಸಿ ಹಾರಿಸುವುದು ಸಾಧ್ಯವಾಯಿತು.

ಇವರೆಲ್ಲ ತಲೆ ಕೆಡಿಸಿಕೊಂಡಿದ್ದು ಎರಡು ಮೂರು ನಿಮಿಷದ ಭಯಕ್ಕೆ. ಅದನ್ನೇ ದಿನವಿಡೀ ಉಣ್ಣುವವರು ಬರುತ್ತಾರೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಭಯ ಬೇಗ ಹಳಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಹುಳಿ ಬರುವ ಬೇಸಿಗೆಯ ಅನ್ನದ ಹಾಗೆ. ಕೆಲವು ಸುತ್ತು ಕಳೆದದ್ದೇ ನಾನು ಕಿರುಚುವುದನ್ನು ನಿಲ್ಲಿಸಿದೆ. ಇನ್ನು ಕೆಲವು ಸುತ್ತಿಗೆ ಸುತ್ತ ಕಣ್ಣು ಹಾಯಿಸತೊಡಗಿದೆ: ತುದಿಯಿಂದ ಕಾಣುವ ಲಿವೈಸ್ ಕ್ರೀಡಾಂಗಣ, ಕಾರುಗಳ ಸಮುದ್ರ, ಬೆಂಚಿನಲ್ಲಿ ಫೋನು ಹಿಡಿದಿರುವ ಯಜಮಾನರು. ಜೂನ್ ತಿಂಗಳು. ಅಲ್ಲಿ ಬೆಳಿಗ್ಗೆ ಹತ್ತಾದರೆ ಇಲ್ಲಿ ರಾತ್ರಿ ಹತ್ತೂವರೆ. ತೋಟದ ರೈಟರನ್ನು ನಿದ್ದೆಯಿಂದ ಎಬ್ಬಿಸಿ ‘ಮಳೆ ಎಷ್ಟು ಇಂಚು, ಎಷ್ಟು ಸೆಂಟು’ ಎಂದು ಕೇಳುತ್ತಿದ್ದಾರೆ ಎಂಬುದು ಅವರ ಕೈಯ ಆಟದಿಂದಲೇ ನನಗೆ ತಿಳಿಯುತ್ತಿತ್ತು, ಅಷ್ಟು ಎತ್ತರದಿಂದ.

ಹೊಟ್ಟೆಯ ವಿಷಯದಲ್ಲಿ ನನಗೆ ಚಿಂತೆ ಇರಲಿಲ್ಲ. ಮಾಕುಟ್ಟ ಘಾಟಿಯಲ್ಲಿ ಬಸ್ಸಿನಲ್ಲಿ ಕಣ್ಣೂರಿಗೆ ಇಳಿದವರಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಕಿವಿಯೊಳಗಿನ ಸಮತೋಲದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ; ಎರಡರ ಜಗಳಕ್ಕೆ ಹೊಟ್ಟೆ ದಂಡ ತೆರುತ್ತದೆ. ಕಣ್ಣನ್ನು ದೂರದಲ್ಲಿ ನೆಟ್ಟು, ಮುಂದಿನ ತಿರುವನ್ನು ಮೊದಲೇ ನೋಡಿಕೊಂಡು ಕುಳಿತರೆ ರಾಜಿಯಾಗುತ್ತದೆ. ಸೀಟಿನ ಗುಟ್ಟು ಮಾತ್ರ ಅಲ್ಲಿಯ ಹಳಬರು ಹೇಳಿಕೊಟ್ಟರು. ದಿಬ್ಬದ ತುದಿ ದಾಟುವಾಗ ಮುಂದಿನ ಡಬ್ಬಿಗಳ ಭಾರ ಹಿಂದಿನದನ್ನು ಕಿತ್ತು ಎಸೆದಂತೆ ಎಳೆಯುತ್ತದೆ, ಹುಡುಗರಿಗೆ ಅದೇ ಬೇಕು. ದಿನವಿಡೀ ಕೂರುವವರಿಗೆ ನಡುವಿನ ಸೀಟು.

ಮಧ್ಯಾಹ್ನ ಊಟದ ಮೇಲೆ ಒಂದು ವಿಚಿತ್ರ ಕಂಡಿತು. ಗಾಡಿ ಬೆಳಿಗ್ಗೆಗಿಂತ ಜೋರಾಗಿ ಓಡುತ್ತಿದೆ! ನನ್ನ ಭ್ರಮೆ ಎಂದುಕೊಂಡೆ. ಅಲ್ಲವಂತೆ; ಬಿಸಿಲೇರಿದಂತೆ ಚಕ್ರದ ಬೇರಿಂಗಿನ ಗ್ರೀಸು ಕಾದು ಸಡಿಲಾಗುತ್ತದೆ, ತಿಕ್ಕಾಟ ಕಡಿಮೆಯಾಗುತ್ತದೆ. ಒಂದು ಸಲ ಹತ್ತಿ ಇಳಿದು ಹೋಗುವವರಿಗೆ ಇದು ಯಾವ ಜನ್ಮಕ್ಕೂ ತಿಳಿಯುವುದಿಲ್ಲ.

ಅದೇ ಹೊತ್ತಿಗೆ ಕೆಳಗೆ ಚಪ್ಪಾಳೆ ತಟ್ಟುತ್ತಿದ್ದವರು ಒಬ್ಬೊಬ್ಬರಾಗಿ ಕರಗಿದರು. ಬಲೂನು ಹಿಡಿದಿದ್ದ ಮಗಳ ಆಫೀಸಿನವರು ನೆರಳು ಹುಡುಕಿಕೊಂಡು ಹೋದರು. ಆಗ ನನಗೆ ವಿರಾಜಪೇಟೆಯ ಸೈಕಲ್‌ನವನು ನೆನಪಾದ. ನಾನು ಬಿಟ್ಟಂಗಾಲದಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಆಗ ಕರ್ನಾಟಕದ ಊರೂರಿಗೆ ಇಂಥವರು ಬರುತ್ತಿದ್ದರು. ನಮ್ಮ ಪಾಲಿಗೆ ಬಂದವನು ಬಡಕಲು ಮನುಷ್ಯ. ಮೈದಾನದ ನಡುವೆ ಕಂಬ, ಕಂಬಕ್ಕೆ ಬಣ್ಣದ ಕಾಗದದ ತೋರಣ, ಮೈಕಿನಲ್ಲಿ ಸಿನಿಮಾ ಹಾಡು. ಕಾಲು ನೆಲಕ್ಕೆ ತಾಗಿಸದೆ ಒಂದು ವಾರ ಹಗಲು ರಾತ್ರಿ ಸೈಕಲ್ ತುಳಿಯುವುದೇ ಆಟ. ತುಳಿಯುತ್ತಲೇ ಊಟ, ತುಳಿಯುತ್ತಲೇ ಕ್ಷೌರ, ತಲೆಯ ಮೇಲೆ ಬಿಂದಿಗೆ ಸುರಿದುಕೊಂಡು ತುಳಿಯುತ್ತಲೇ ಸ್ನಾನ. ಸಂಜೆ ಎದೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುವುದು. ಮೆಚ್ಚಿದವರು ಅವನ ಅಂಗಿಗೆ ಪಿನ್ನಿನಿಂದ ಒಂದು ರೂಪಾಯಿ, ಎರಡು ರೂಪಾಯಿಯ ನೋಟು ಚುಚ್ಚುತ್ತಿದ್ದರು. ರಾತ್ರಿ ಜನ ಚದುರಿದ ಮೇಲೆ ಇಳಿಯುತ್ತಾನೆ ಎಂದು ಕ್ಲಾಸಿನ ಅರ್ಧ ಹುಡುಗರು, ಇಲ್ಲವೇ ಇಲ್ಲ ಎಂದು ಇನ್ನರ್ಧ, ಹೊಡೆದಾಟವೂ ಆಗಿತ್ತು. ಮೊದಲ ದಿನ ಜಾತ್ರೆ, ಕೊನೆಯ ದಿನ ಅದಕ್ಕಿಂತ ದೊಡ್ಡ ಜಾತ್ರೆ. ನಡುವಿನ ದಿನಗಳಲ್ಲಿ ನಾವು ಬಸ್ಸಿಗೆ ಕಾಯುತ್ತ ನೋಡಿದರೆ ಮೈದಾನದಲ್ಲಿ ಅವನು ಮತ್ತು ಎರಡು ಆಡು.

ರಿಚರ್ಡ್ ರಾಡ್ರಿಗೆಸ್ ಎಂಬ ಅಮೆರಿಕದವನು 1977ರಲ್ಲಿ ಕೋನಿ ಐಲ್ಯಾಂಡಿನ ಸೈಕ್ಲೋನ್ ಕೋಸ್ಟರಿನಲ್ಲಿ 103 ಗಂಟೆ 55 ನಿಮಿಷ ಕುಳಿತಿದ್ದನಂತೆ. ಹೆಚ್ಚುಕಡಿಮೆ ನಮ್ಮ ಸೈಕಲ್‌ನವನ ಕಾಲವೇ. ಆಮೇಲೆ ಮೂವತ್ತು ವರ್ಷ ಇದನ್ನೇ ಬಿಡದೆ ಮಾಡಿ, 2007ರ ಜುಲೈ 27ರಿಂದ ಆಗಸ್ಟ್ 13ರವರೆಗೆ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನ ಎರಡು ಕೋಸ್ಟರುಗಳಲ್ಲಿ 405 ಗಂಟೆ 40 ನಿಮಿಷ ಸುತ್ತಿ ಗಿನ್ನೆಸ್ ಸೇರಿದ. ಎರಡರಲ್ಲಿ ಒಂದಾದ ಬಿಗ್ ಡಿಪ್ಪರ್ 1923ರದ್ದು, ಅದೇ ಜಾನ್ ಮಿಲ್ಲರನ ಕೈಚಳಕ. ನಿದ್ದೆಯೂ ಓಡುವ ಗಾಡಿಯಲ್ಲೇ. ಗಿನ್ನೆಸ್‌ನವರ ನಿಯಮದಲ್ಲಿ ಗಂಟೆಗೆ ಐದು ನಿಮಿಷ ಬಿಡುವು ಉಂಟು, ಕೂಡಿಟ್ಟು ಒಟ್ಟಿಗೆ ಬಳಸಿಕೊಳ್ಳಲೂಬಹುದು. ಅವನ ಆ ಹದಿನೇಳು ದಿನಗಳಲ್ಲಿ ಕ್ಯಾಮೆರಾ ಇದ್ದದ್ದು ಎಷ್ಟು ಹೊತ್ತು, ಬರಿಯ ಸಮುದ್ರದ ಗಾಳಿ ಇದ್ದದ್ದು ಎಷ್ಟು ಹೊತ್ತು ಎಂದು ನನಗೆ ಅವತ್ತು ಯೋಚನೆ ಹತ್ತಿತು. ಭಯ ಹೋದ ಮೇಲೆ, ನೋಡುವವರೂ ಹೋದ ಮೇಲೆ, ಗಾಡಿಯಲ್ಲಿ ಉಳಿಯುವುದು ಬರಿಯ ಕೂರುವ ಕೆಲಸ. ಕಣದಲ್ಲಿ ಕಾಫಿ ಹರಡಿ ಮೋಡ ನೋಡುತ್ತ ಇಡೀ ಜನವರಿ ಕಳೆದವಳಿಗೆ ಅದು ಹೊಸದೇನಲ್ಲ. ಕುಳಿತೆ.

ಸಂಜೆ ನಮ್ಮನ್ನು ಇಳಿಸಿ ಕೈಗೊಂದು ಪದಕದಂಥದ್ದು ಕೊಟ್ಟರು. ನೆಲ ಮಾತ್ರ ಮಲಗುವವರೆಗೂ ತೇಲುತ್ತಿತ್ತು. ಆ ಪಾರ್ಕಿನ ಜಾಗವನ್ನು 2022ರಲ್ಲಿ ಗೋದಾಮು ಕಟ್ಟುವ ಪ್ರೊಲಾಜಿಸ್ ಕಂಪನಿಗೆ ಮಾರಿದ್ದಾರೆ, ಹೆಚ್ಚೆಂದರೆ 2033ರವರೆಗೆ ಆಟ. ತೋಟಗಳು ಒಂದೊಂದಾಗಿ ಕೈ ಬದಲಾಗಿ ರೆಸಾರ್ಟ್ ಆಗುವುದನ್ನು ನೋಡುತ್ತಿರುವ ನಮ್ಮ ಯಜಮಾನರು ಆ ಸುದ್ದಿ ಓದಿ ‘ಅಲ್ಲಿ ಆಟದ ಜಾಗ ಗೋದಾಮು, ಇಲ್ಲಿ ಗೋದಾಮೇ ಆಟದ ಜಾಗ’ ಎಂದು ನಕ್ಕರು.

ಊರಿಗೆ ಬಂದು ಇದನ್ನೆಲ್ಲ ಹೇಳುತ್ತಿದ್ದಾಗ, ನಮ್ಮಲ್ಲಿ ಕಾಫಿ ಕೊಯ್ಲಿಗೆ ಬರುವ ಹಳೆಯ ಹೆಂಗಸೊಬ್ಬಳು ಕೇಳಿದ ಮೊದಲ ಪ್ರಶ್ನೆ, ಅಷ್ಟು ಹೊತ್ತು ಸುತ್ತಿದ್ದಕ್ಕೆ ಎಷ್ಟು ಕೊಟ್ಟರು ಎಂದು. ಕೊಟ್ಟಿದ್ದಲ್ಲ, ನಾವೇ ಎತ್ತಿ ಕೊಟ್ಟಿದ್ದು ಎಂದೆ. ಅವಳಿಗೆ ನನ್ನ ಮೇಲಿದ್ದ ಗೌರವ ಕಣ್ಣೆದುರೇ ಇಳಿಯಿತು. ಮಾತು ಬದಲಿಸಲು ಸೈಕಲ್‌ನವನ ಸುದ್ದಿ ತೆಗೆದೆ. ಅವಳ ಮುಖ ಅರಳಿತು. ಅವಳ ತವರುಮನೆ ಆ ಮೈದಾನದ ಹಿಂದೆಯೇ ಇತ್ತಂತೆ.

“ಇಳೀತಿದ್ದ ಅಕ್ಕ, ದಿನಾ ರಾತ್ರಿ. ನಮ್ಮ ಮನೆ ಜಗಲಿಯಲ್ಲೇ ಗಂಜಿ ಕುಡೀತಿದ್ದ. ಅವ್ವ ಯಾರಿಗೂ ಹೇಳಬೇಡಿ ಅಂದಿದ್ದಳು, ನಾವು ಹೇಳಲಿಲ್ಲ.”

“ಎಷ್ಟು ಹೊತ್ತು ಇಳೀತಿದ್ದ?”

“ಗಂಜಿ ಕುಡಿಯೋಕೆ ಎಷ್ಟು ಹೊತ್ತು ಬೇಕು? ಒಂದು ಗಂಟೆ ಕೂಡ ಇಲ್ಲ.”

ಗಂಟೆಗೆ ಐದು ನಿಮಿಷದ ಲೆಕ್ಕ ಹಿಡಿದರೆ ದಿನಕ್ಕೆ ಎರಡು ಗಂಟೆ ಅವನಿಗೆ ಹಕ್ಕಿನಿಂದಲೇ ಬರುತ್ತಿತ್ತು.